ಹಾಲು ಕರೆಯುವಷ್ಟು ಹೊತ್ತು

ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಅಮ್ಮ ಹೋಗುವ ಕ್ರೈಸ್ತ ಸಭೆಯಲ್ಲಿ ನಮ್ಮ ಮನೆಯ ಕತೆಯೊಂದನ್ನು ಹೇಳುತ್ತಾರೆ. ನಾನೇ ಎರಡು ಸಲ ಕೇಳಿದ್ದೇನೆ. ಒಂದು ಸಲ ಪಾಸ್ಟರ್ ಬಾಯಲ್ಲಿ. ಇನ್ನೊಂದು ಸಲ ಬಂಗಾರಪೇಟೆ ಬಸ್ಸಿನಲ್ಲಿ, ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದ, ನಾನು ಯಾರೆಂದು ಗೊತ್ತಿಲ್ಲದ ಹೆಂಗಸೊಬ್ಬಳ ಬಾಯಲ್ಲಿ. ಕ್ಯಾಸಂಬಳ್ಳಿ ಕಡೆಯ ಹಳ್ಳಿಯಲ್ಲಿ ಒಬ್ಬ ವಿಶ್ವಾಸಿ ತಾಯಿ ಇದ್ದಾಳಂತೆ. ಅವಳಿಗೆ ದೇವರಿಲ್ಲ ಅಂತ ವಾದ ಮಾಡುವ ಮಗಳಂತೆ. ತಾಯಿ ಕೈ ಮುರಿದುಕೊಂಡಳು, ಹಸು ಮಗಳಿಗೆ ಹಾಲು ಕೊಡಲಿಲ್ಲ, ಮಗಳು ಮಂಡಿಯೂರಿ ಪ್ರಾರ್ಥಿಸಿದಳು, ಕೂಡಲೇ ಬಕೆಟ್ಟು ತುಂಬಿತು. ಬಾಯಿಲ್ಲದ ಪ್ರಾಣಿಯ ಮೂಲಕ ದೇವರು ಆ ಹುಡುಗಿಯ ಬಾಯಿ ಮುಚ್ಚಿಸಿದ.

ಬಸ್ಸಿನ ಹೆಂಗಸು ಕತೆ ಮುಗಿಸಿದಾಗ ಪಕ್ಕದವಳು "ಸ್ತೋತ್ರಂ" ಅಂದಳು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಬಾಯಿ ಮುಚ್ಚಿಕೊಂಡೇ ಇದ್ದೆನಾದ್ದರಿಂದ ಕತೆಯ ಕೊನೆಯ ಭಾಗ ಆವತ್ತಿನ ಮಟ್ಟಿಗೆ ನಿಜವಾಯಿತು.

ಆದರೆ ನನ್ನ ಆಕ್ಷೇಪಗಳಿವೆ. ಹಾಲು ಕರೆಯುವಾಗ ಯಾರೂ ಮಂಡಿಯೂರುವುದಿಲ್ಲ. ಕುಕ್ಕರಗಾಲಲ್ಲಿ ಕೂರುತ್ತಾರೆ, ಬಕೆಟ್ಟು ಎರಡು ಮಂಡಿಗಳ ನಡುವೆ ಇರುತ್ತದೆ. ಬಕೆಟ್ಟು ಕೂಡಲೇ ತುಂಬಲಿಲ್ಲ. ಅಲ್ಲದೆ ಅದೇ ಹಸು ಎರಡರ ಮಗ್ಗಿಗೂ ಹಾಲು ಕೊಟ್ಟಿದೆ, ಅದನ್ನು ಯಾರೂ ಸಭೆಯಲ್ಲಿ ಹೇಳುವುದಿಲ್ಲ. ಇರಲಿ, ಇವೆಲ್ಲ ಸಣ್ಣವು. ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮೇಷ್ಟ್ರು ಒಂದು ಪಾಠ ಹೇಳಿಕೊಟ್ಟಿದ್ದರು: ಎದುರಾಳಿ ಏನು ತಪ್ಪು ಹೇಳಿದ ಅಂತ ಹುಡುಕುವುದು ಆಮೇಲೆ, ಏನು ಬಿಟ್ಟ ಅಂತ ಮೊದಲು ನೋಡು. ಈ ಕತೆ ಅಮ್ಮನನ್ನೇ ಬಿಟ್ಟಿದೆ. ಕೈ ಮುರಿದುಕೊಂಡಳು ಅನ್ನುವಲ್ಲಿಗೆ ಅವಳ ಕೆಲಸ ಮುಗಿಯುತ್ತದೆ. ಅವಳ ಕೈಗೆ ಪ್ಲಾಸ್ಟರ್ ಇದ್ದ ಆರು ವಾರದಲ್ಲಿ ಹಸುವಿನ ಹಾಲು ನಿಂತಿದ್ದು ಎರಡು ದಿನ ಮಾತ್ರ. ಅಮ್ಮನ ಪ್ರಾರ್ಥನೆ ನಿಂತೇ ಹೋಗಿತ್ತು. ನಮ್ಮ ಮನೆಯಲ್ಲಿ ಕಳೆದುಹೋಗಿದ್ದು ಅದು, ಹುಡುಕಬೇಕಾಗಿದ್ದೂ ಅದನ್ನೇ.

ಅಮ್ಮ ಹುಟ್ಟಿದ್ದು ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಯಲ್ಲಿ. ಅವಳ ಅಪ್ಪ, ನನ್ನ ತಾತ, ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು. ಮನೆಮಾತು ತಮಿಳು. ನನ್ನ ಅಪ್ಪ ಆ ಕಾಲದಲ್ಲಿ ಸೈಕಲ್ಲಿನ ಎರಡು ಪಕ್ಕಕ್ಕೂ ಕ್ಯಾನು ಕಟ್ಟಿಕೊಂಡು ನಮ್ಮ ಹಳ್ಳಿಯಿಂದ ಆ ಲೈನುಗಳಿಗೆ ಹಾಲು ಹಾಕಲು ಹೋಗುತ್ತಿದ್ದ. ಮುಂದಿನದನ್ನು ಊಹಿಸಿಕೊಳ್ಳಬಹುದು. ಎರಡು ಮನೆಯವರೂ ಒಂದು ವರ್ಷ ಮುಖ ತಿರುಗಿಸಿಕೊಂಡಿದ್ದರು, ಆಮೇಲೆ ನಾನು ಹುಟ್ಟಿದೆ, ತಿರುಗಿದ ಮುಖಗಳು ಮಗು ನೋಡಲು ಈ ಕಡೆ ತಿರುಗಿದವು. ಅಮ್ಮ ತನ್ನ ದೇವರನ್ನು ಬಿಡಲಿಲ್ಲ, ಅಪ್ಪ ಬಿಡು ಅನ್ನಲೂ ಇಲ್ಲ. ತೊಂದರೆ ಇದ್ದಿದ್ದು ಅಪ್ಪನ ತಾಯಿಗೆ. ಅಜ್ಜಿ ದಿನಾ ಬೆಳಗ್ಗೆ ಮಿಂದು ದೇವರ ಗೂಡಿಗೆ ದೀಪ ಹಚ್ಚಿ, ಅಂಗಳದ ಕಣಗಿಲೆ ಇಟ್ಟು, ಗಂಟೆ ಅಲ್ಲಾಡಿಸಿದ ಮೇಲೇ ಒಲೆಗೆ ಬೆಂಕಿ. ಹೊಸ ಸೊಸೆ ಬಂದ ವಾರ ಅವಳು ಒಂದು ತೀರ್ಪು ಕೊಟ್ಟಳಂತೆ: "ನಿಮ್ ಸಾಮೀನ ಬ್ಯಾಡ ಅನ್ನಲ್ಲ ಕಣಮ್ಮಿ. ಒಳೀಕ್ ಬ್ಯಾಡ. ಕೊಟ್ಗೇಲಿ ಏನಾರ ಯೋಳ್ಕೊ." ಈಗ ಕೇಳಿದರೆ, ಜೋರಾಗಿ ಹಾಡೋದು ಬೇಡ ಅಂದಿದ್ದೆ ಅಷ್ಟೇ ಅನ್ನುತ್ತಾಳೆ.

ಅಮ್ಮ ಆ ತೀರ್ಪನ್ನು ಹಾಗೇ ಪಾಲಿಸಿದಳು. ಬೆಳಗ್ಗೆ ಐದಕ್ಕೆ ಕೊಟ್ಟಿಗೆಗೆ ಹೋಗಿ, ಹಸುವಿನ ಹಿಂಗಾಲಿನ ಮುಂದೆ ಹೊಟ್ಟೆ ಸ್ವಲ್ಪ ಒಳಗೆ ಹೋಗಿರುವ ಜಾಗವೊಂದಿರುತ್ತದಲ್ಲ, ಅಲ್ಲಿ ಹಣೆ ಒತ್ತಿಕೊಂಡು ಕೂರುತ್ತಿದ್ದಳು. ಎರಡು ಕೈಯೂ ಕೆಲಸದಲ್ಲಿ. ಬಾಯಲ್ಲಿ ಸಣ್ಣಗೆ, ಒಂದೇ ಏರಿಳಿತದಲ್ಲಿ, ತಮಿಳಿನ ಪ್ರಾರ್ಥನೆ. ಮೊದಲ ಧಾರೆ ಬಕೆಟ್ಟಿನ ತಳಕ್ಕೆ ಬಡಿದ ಸದ್ದಿನ ಜೊತೆ ಅದು ಶುರುವಾದರೆ ಕೊನೆಯ ಹನಿ ಹಿಂಡಿ ಮುಗಿಯುವವರೆಗೂ ಇರುತ್ತಿತ್ತು. ಚಿಕ್ಕಂದಿನಲ್ಲಿ ನಾನು ಮಲಗುತ್ತಿದ್ದುದು ರಾಗಿಮೂಟೆ ಇಡುವ ಕೋಣೆಯಲ್ಲಿ. ಆ ಕೋಣೆಗೂ ಕೊಟ್ಟಿಗೆಗೂ ನಡುವೆ ಒಂದೇ ಮಣ್ಣಿನ ಗೋಡೆ. ನನಗೆ ಬೆಳಗಾಗುತ್ತಿದ್ದುದೇ ಆ ಗೊಣಗಿನಿಂದ. ಮಾತು ಒಂದೂ ಬಿಡಿಸಿ ಕೇಳಿಸುತ್ತಿರಲಿಲ್ಲ, "ಅಪ್ಪಾ" ಅನ್ನುವುದೊಂದು ಬಿಟ್ಟು. ಚಾಂಪಿಯನ್ ರೀಫ್ಸ್‌ನಲ್ಲಿದ್ದ ತಾತನಿಗೆ ಅಮ್ಮ ದಿನಾ ನಮ್ಮ ಮೇಲೆ ದೂರು ಹೇಳುತ್ತಾಳೆ ಅಂತ ಎಷ್ಟೋ ದಿನ ಅಂದುಕೊಂಡಿದ್ದೆ.

ಹೋದ ವರ್ಷ ಅವರ ಸಭೆಗೆ ಹೊಸ ಪಾಸ್ಟರ್ ಬಂದರು. ನನಗಿಂತ ಐದಾರು ವರ್ಷ ದೊಡ್ಡವರಿರಬಹುದು. ಒಳ್ಳೆಯ ಮನುಷ್ಯ, ಎದುರಿಗಿರುವವರು ಹೇಳಿ ಮುಗಿಸುವವರೆಗೂ ಕಾಯುತ್ತಾರೆ. ಅವರು ಎಲ್ಲರಿಗೂ ತಿಂಗಳಿಗೊಂದು ಕಾರ್ಡು ಹಂಚಿದರು. ಕಾರ್ಡಿನಲ್ಲಿ ದಿನಕ್ಕೊಂದು ಚೌಕ. ಬೆಳಗಿನ ಅರ್ಧ ಗಂಟೆ ಬಾಗಿಲು ಹಾಕಿಕೊಂಡು, ಫೋನ್ ದೂರ ಇಟ್ಟು, ಬೈಬಲ್ಲು, ಅವರ ಮಾತಲ್ಲಿ ವೇದ, ಓದಿ, ದೇವರ ಜೊತೆ ಒಬ್ಬರೇ ಕೂತಿದ್ದರೆ ಆ ದಿನದ ಚೌಕದಲ್ಲಿ ಟಿಕ್ ಹಾಕಬೇಕು. ಯಾರಿಗೂ ತೋರಿಸಬೇಕಾಗಿಲ್ಲ, ನಿಮಗೂ ದೇವರಿಗೂ ನಡುವಿನ ಮಾತು ಅಂದಿದ್ದರಂತೆ. ಅಮ್ಮ ಅದನ್ನು ಅಡುಗೆಮನೆಯ ಗೋಡೆಗೆ, ಗ್ಯಾಸ್ ಪುಸ್ತಕ ನೇತುಹಾಕಿದ ಮೊಳೆಗೇ ಸಿಕ್ಕಿಸಿದಳು. ಒಂದು ತಿಂಗಳು ಹೋಯಿತು, ಎರಡಾಯಿತು, ಮೂರನೆಯ ಕಾರ್ಡು ಬಂತು. ಒಂದು ಚೌಕದಲ್ಲೂ ಗುರುತಿಲ್ಲ.

ಅವಳು ಮುದ್ದೆ ತಿರುವುತ್ತಿದ್ದಾಗ ಕೇಳಿದೆ, ಯಾಕಮ್ಮಾ ಖಾಲಿ ಅಂತ.

"ಬಾಗ್ಲಾಕ್ಕೊಂಡು ಕೂತ್ಕೊಳ್ಳೋಕೆ ಟೈಮೆಲ್ಲೈತೆ ಕಣ್ಣು," ಅಂದಳು. ಮಗಳನ್ನು ಕಣ್ಣು ಅಂತ ಕರೆಯುವುದು ಅವಳ ತವರಿನ ಅಭ್ಯಾಸ.

ಮತ್ತೆ ದಿನಾ ಹಸುವಿನ ಪಕ್ಕ ಹೇಳೋದು ಏನು ಅಂದೆ. ಅದು ಕೆಲಸದ ಜೊತೆಯದು ಅಂದಳು. ಕೈ ಒಂದು ಕಡೆ ಬಾಯಿ ಒಂದು ಕಡೆ ಇರುವಾಗ ಅದನ್ನು ಆಂಡವರಿಗೆ, ತಮಿಳಿನಲ್ಲಿ ಅವಳ ದೇವರಿಗೆ, ಅಂತಲೇ ತೆಗೆದಿಟ್ಟ ಹೊತ್ತು ಅನ್ನೋಕಾಗುತ್ತಾ? ಡೇರಿಗೆ ಹೊತ್ತಾಯಿತು ಅಂತ ಓಡೋಡಿ ಹೇಳಿದ್ದಕ್ಕೆ ಟಿಕ್ ಹಾಕಿದರೆ ಅದು ಸುಳ್ಳಲ್ಲವಾ?

ನಾನು ಬಿಡುತ್ತೇನೆಯೇ. ದೇವರನ್ನು ನಂಬದ ನಾನು, ದೇವರ ಎದುರು ಅಮ್ಮನ ವಕಾಲತ್ತು ಹಿಡಿದೆ. ಬಾಗಿಲು ಹಾಕಿಕೊಂಡು ಕೂರಲು ಬಾಗಿಲಿರುವ ಕೋಣೆ ಬೇಕು, ಬೆಳಗ್ಗೆ ಕೆಲಸ ಮಾಡುವ ಇನ್ನೊಬ್ಬರು ಮನೆಯಲ್ಲಿರಬೇಕು; ಅವೆರಡೂ ಇರುವವರ ಪ್ರಾರ್ಥನೆ ಮಾತ್ರ ಎಣಿಕೆಗೆ ಬರುವುದಾದರೆ ನಿಮ್ಮ ದೇವರು ಸ್ವಲ್ಪ ಅನುಕೂಲಸ್ಥರ ಕಡೆಯವನೇ ಅಂದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದು ದಿನವೂ ತಪ್ಪದೆ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ನಡೆದಿದ್ದನ್ನು ತೆಗೆದಿಟ್ಟ ಹೊತ್ತು ಅನ್ನದೆ ಇನ್ನೇನು ಅನ್ನಬೇಕು ಅಂತ ಕೇಳಿದೆ. ಅಮ್ಮ ಕೋಲು ನಿಲ್ಲಿಸಿ ನಕ್ಕಳು.

"ನಂಬ್ದೇ ಇರೋಳು ಎಷ್ಟ್ ಚೆನ್ನಾಗಿ ಮಾತಾಡ್ತೀಯೇ. ನೀನ್ ಯೋಳೋದು ಸರೀನೇ. ಆದ್ರೆ ಟಿಕ್ ಆಕೋಕೆ ಕೈ ಬರಲ್ಲ."

ಹೀಗೆ ನಾನು ಗೆದ್ದೆ, ಚೌಕಗಳು ಖಾಲಿಯೇ ಉಳಿದವು. ಗೆದ್ದ ಮೇಲೂ ಎದುರಿನವರ ಕೈಗೆ ಏನೂ ಸಿಗದಂಥ ವಾದವನ್ನು ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ. ಸ್ಪರ್ಧೆಯಲ್ಲಿ ಕನಿಷ್ಠ ಒಂದು ಶೀಲ್ಡಾದರೂ ಬರುತ್ತದೆ.

ಅದಾಗಿ ತಿಂಗಳೊಳಗೆ ಅಮ್ಮ ಕೊಟ್ಟಿಗೆ ತೊಳೆಯುವಾಗ ಚಪ್ಪಡಿ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಕೆಜಿಎಫ್‌ಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದೆವು. ಆರು ವಾರ ಕೈ ಅಲ್ಲಾಡಿಸಬಾರದು ಅಂದರು. ದಾರಿಯುದ್ದಕ್ಕೂ ಅವಳಿಗೆ ಕೈಯ ಚಿಂತೆಯಿರಲಿಲ್ಲ, ಮಚ್ಚೆ ಹಸುವಿನದೇ ಚಿಂತೆ. ನಮ್ಮಲ್ಲಿ ಕರೆಯುವ ಹಸು ಎರಡು. ಒಂದು ಸಾಧು, ಯಾರು ಕೂತರೂ ಸರಿ. ಕಪ್ಪು-ಬಿಳಿ ಮಚ್ಚೆಯದು ಹಾಗಲ್ಲ. ಅದರ ಕರು ಹುಟ್ಟಿದ ವಾರಕ್ಕೇ ಸತ್ತಿತ್ತು. ಅಂದಿನಿಂದ ಅಮ್ಮ ಕೂತರೆ ಮಾತ್ರ ಅದು ಕೆಚ್ಚಲಿಗೆ ಹಾಲಿಳಿಸುತ್ತಿತ್ತು.

ಮನೆಗೆ ಬಂದಾಗ ಅಜ್ಜಿ ನಮಗೊಂದು ಆಶ್ಚರ್ಯ ಇಟ್ಟಿದ್ದಳು. ರಾಗಿಮೂಟೆಗಳನ್ನೆಲ್ಲ ಒಂದು ಮೂಲೆಗೆ ಒತ್ತರಿಸಿ, ಕೋಣೆ ಗುಡಿಸಿ, ಚಾಪೆ ಹಾಸಿ, ಅಮ್ಮನ ವೇದಪುಸ್ತಕವನ್ನು ಟ್ರಂಕಿನಿಂದ ತೆಗೆದು ಒಂದು ಮಣೆಯ ಮೇಲೆ ಒಗೆದ ಬಟ್ಟೆ ಹಾಸಿ ಇಟ್ಟಿದ್ದಳು. ಪಕ್ಕದಲ್ಲಿ ನಾಲ್ಕು ಕಣಗಿಲೆ ಹೂವು ಬೇರೆ.

"ಆರ್ ವಾರ ಕೈಗ್ ಕೆಲ್ಸ ಇಲ್ಲ," ಅಂದಳು ಸೊಸೆಗೆ. "ನಿಮ್ಮಯ್ಯನೋರು ಯೋಳ್ದಂಗೆ ಬಾಗ್ಲಾಕ್ಕೊಂಡು ನೆಮ್ದಿಯಾಗ್ ಮಾಡ್ಕೊ. ಯಾರೂ ಬರಲ್ಲ."

ಇಪ್ಪತ್ತು ವರ್ಷಕ್ಕಿಂತ ಹಿಂದಿನ ತೀರ್ಪಿಗೆ ಅದು ಅಜ್ಜಿಯ ತಿದ್ದುಪಡಿ. ಅಮ್ಮ ಹೂವು ನೋಡಿ, ಒಳ್ಳೆಯ ಕೈಯಿಂದ ಅತ್ತೆಯ ಕೈ ಹಿಡಿದುಕೊಂಡಳು. ಬಾಗಿಲು, ಕೋಣೆ, ಹೊತ್ತು, ಎಲ್ಲ ಒದಗಿತು, ಇನ್ನು ಕಾರ್ಡಿನ ಚೌಕಗಳು ಒಂದೊಂದಾಗಿ ತುಂಬುತ್ತವೆ ಅಂತ ನಾವೆಲ್ಲ ಅಂದುಕೊಂಡೆವು. ಹೆಚ್ಚು ಗಟ್ಟಿಯಾಗಿ ಅಂದುಕೊಂಡವಳು ನಾನು; ನನ್ನ ವಾದದ ಪ್ರಕಾರ ಅಮ್ಮನಿಗೆ ಕೊರತೆ ಇದ್ದಿದ್ದು ಅನುಕೂಲದ್ದು ಮಾತ್ರ.

ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಪ ನಾಲ್ಕೂವರೆಗೇ ಟೆಂಪೋದಲ್ಲಿ ತರಕಾರಿ ಹಾಕಿಕೊಂಡು ಬಂಗಾರಪೇಟೆ ಮಾರ್ಕೆಟ್ಟಿಗೆ ಹೋಗುತ್ತಾನೆ. ನಾನು ಬಂಗಾರಪೇಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಬಸ್ಸು ಎಂಟಕ್ಕೆ. ಮೊದಲ ದಿನ ಸಾಧು ಹಸುವನ್ನು ಕರೆದು ಮಚ್ಚೆಯ ಪಕ್ಕ ಕೂತೆ. ಬಿಸಿನೀರಲ್ಲಿ ಕೆಚ್ಚಲು ತೊಳೆದೆ, ನೀವಿದೆ, ಎಳೆದೆ. ಒಂದು ಲೋಟದಷ್ಟು ಬಂತು, ಆಮೇಲೆ ಏನೂ ಇಲ್ಲ. ಹಸು ಹಾಲನ್ನು ಮೇಲಕ್ಕೆ ಎತ್ತಿಕೊಂಡುಬಿಟ್ಟಿತ್ತು. ಕತ್ತು ತಿರುಗಿಸಿ ನನ್ನನ್ನು ನೋಡುವ ರೀತಿಯೂ, ಇವಳ್ಯಾರು, ಅನ್ನುವ ಹಾಗಿತ್ತು. ಸಂಜೆ ಅಪ್ಪ ತೆಲುಗಿನಲ್ಲಿ ತಲ್ಲೀ, ಬಂಗಾರೂ ಅಂತ ರಮಿಸಲು ಹೋಗಿ ಮಂಡಿಗೆ ಒದೆಸಿಕೊಂಡು ಬಂದ. ಎರಡನೆಯ ದಿನ ಡೇರಿಯ ಸೆಕ್ರೆಟರಿ ಕ್ಯಾನಿನೊಳಗೆ ಬಗ್ಗಿ ನೋಡಿ, ಇದೇನಮ್ಮಾ ಕಾಫಿಗೆ ತಂದಿದ್ದಾ ಅಂತ ಕೇಳಿದ.

ಅಜ್ಜಿ ಜಗಲಿಯಲ್ಲಿ ಕೂತು ಎಲ್ಲ ನೋಡುತ್ತಿದ್ದಳು. ನನ್ನ ವಾದದ ಚಟಕ್ಕೆ ಅವಳಿಟ್ಟ ಬಿರುದು ಲಾಯರಮ್ಮ.

"ನಿಮ್ಮವ್ವ ದಿನಾ ಏನೋ ಯೋಳ್ಕೊತಾಳಲ್ಲ ಲಾಯರಮ್ಮ, ಅದುನ್ ಯೋಳು. ಅದುಕ್ಕೆ ತಮಿಳೇ ಆಗ್ಬೇಕು."

ಹಸುವಿಗೆ ಭಾಷೆ ಗೊತ್ತಾಗುವುದಿಲ್ಲ ಅಜ್ಜಿ ಅಂದೆ.

"ಅಂಗಾರೆ ಇಂಗ್ಲೀಷ್‌ನಾಗೆ ಯೋಳ್ನೋಡು," ಅಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

ಆ ಸಂಜೆ ಹಸುವಿನ ಕೆಚ್ಚಲು ಕಲ್ಲಿನ ಹಾಗಾಗಿತ್ತು. ಇನ್ನೊಂದು ದಿನ ಬಿಟ್ಟರೆ ಬಾವು ಬರುತ್ತದೆ, ಆಮೇಲೆ ಮೊಲೆಯೇ ಸೊರಗಿಹೋಗಬಹುದು. ನನ್ನ ಹಟಕ್ಕೆ ಹಸು ನೋವು ತಿನ್ನುವುದು ಯಾವ ನ್ಯಾಯ? ಅಡುಗೆಮನೆಯಲ್ಲಿ ಅಮ್ಮನ ಎದುರು ನೆಲದ ಮೇಲೆ ಕೂತೆ. ಬರೆದುಕೊಳ್ಳಲು ಸಿಕ್ಕಿದ್ದು ಹಳೆಯ ಚರ್ಚಾಸ್ಪರ್ಧೆಯ ಹಾಳೆ, ಮೊಬೈಲು ವರವೋ ಶಾಪವೋ ಅನ್ನುವುದು. ಅದರ ಬೆನ್ನಿಗೆ ಬರೆಯುತ್ತೇನೆ, ಹೇಳು ಅಂದೆ.

ಅಮ್ಮನಿಗೆ ನಾಚಿಕೆಯಾಯಿತು. ಆಮೇಲೆ ಗೊತ್ತಾಗಿದ್ದು, ಅವಳಿಗೆ ನೆನಪಾಗುತ್ತಲೂ ಇಲ್ಲ. ಅಪ್ಪಾ, ಸ್ತೋತ್ರಂ ಅಂದಳು, ನಿಂತಳು. ಮತ್ತೆ ಶುರುಮಾಡಿದಳು, ಮತ್ತೆ ಅಲ್ಲೇ ನಿಂತಳು. ಕೊನೆಗೆ ಪ್ಲಾಸ್ಟರಿಲ್ಲದ ಎಡಗೈಯ ಬೆರಳುಗಳನ್ನು ಗಾಳಿಯಲ್ಲಿ ಹಾಲು ಕರೆಯುವ ಹಾಗೆ ಮಡಚಿ ಬಿಡಿಸಿ ಮಾಡಿದಳು. ಆಗ ಮಾತು ಬಂತು. ಬೆರಳು ನಿಲ್ಲಿಸಿದರೆ ಮಾತೂ ನಿಲ್ಲುತ್ತಿತ್ತು. ನಾನು ಅದನ್ನು ನೋಡಿ ನಕ್ಕೆ. ಆ ಬೆರಳುಗಳು ಏನು ಹೇಳುತ್ತಿದ್ದವು ಅಂತ ಆವತ್ತೇ ಅರ್ಥ ಮಾಡಿಕೊಂಡಿದ್ದರೆ ಮುಂದಿನ ತಪ್ಪೊಂದನ್ನು ಮಾಡುತ್ತಿರಲಿಲ್ಲ.

ಪ್ರಾರ್ಥನೆ ಸರಳವಾಗಿತ್ತು. ಬೆಳಕು ಕೊಟ್ಟಿದ್ದಕ್ಕೆ ಸ್ತೋತ್ರ. ಈ ಜೀವದ ನಾಲ್ಕು ಮೊಲೆಗೂ ನೋವು ಬಾರದಿರಲಿ. ಅತ್ತೆಯ ಮಂಡಿ ಇವತ್ತು ಮಡಚುವ ಹಾಗಿರಲಿ. ಬಂಗಾರಪೇಟೆ ದಾರಿಯಲ್ಲಿರುವ ಇವರ ಗಾಡಿಯನ್ನು ಕಾಯಿ. ಲೈನುಗಳಲ್ಲಿ ಉಳಿದಿರುವ ತಾತನ ಜೊತೆಗಾರರು, ಗಣಿಯ ಧೂಳು ಎದೆಯಲ್ಲಿ ಹೊತ್ತವರು, ಅವರಿಗೆ ಈ ಒಂದು ದಿನ ಕೆಮ್ಮು ಕಡಿಮೆ ಮಾಡು. ನಲ್ಲಿಯ ಜಗಳವಾದ ಮೇಲೆ ಮಾತು ಬಿಟ್ಟಿರುವ ಹಿಂದಿನ ಮನೆಯವಳ ಮಗಳಿಗೆ ಒಂದು ಕೂಸು ಕೊಡು. ಆಮೆನ್. ಹಸುವನ್ನು ಬಿಟ್ಟರೆ ಎಲ್ಲರಿಗಿಂತ ಮೊದಲು ಅತ್ತೆಯ ಮಂಡಿ ಬಂದಿದ್ದನ್ನು ಗಮನಿಸಿದೆ. ಅಂದರೆ ಒಳಗೆ ಬೇಡ ಅಂದವಳಿಗಾಗಿ ಹೊರಗಿನಿಂದ ಇಷ್ಟೂ ವರ್ಷ ಕೇಳಿಕೊಂಡಿದ್ದಾಳೆ.

"ಇಷ್ಟೇನಾ?" ಅಂದೆ. ಆ ಪಟ್ಟಿಯಲ್ಲಿ ನಾನಿರಲಿಲ್ಲ.

"ಇಷ್ಟೇ," ಅಂದು ಅಮ್ಮ ಒಲೆಯ ಕಡೆ ತಿರುಗಿದಳು.

ಮೂರನೆಯ ಬೆಳಗ್ಗೆ ಹಾಳೆಯನ್ನು ಗೋಡೆಗೆ ಸಿಕ್ಕಿಸಿಕೊಂಡು, ಹಸುವಿನ ಹೊಟ್ಟೆಗೆ ಹಣೆಯಿಟ್ಟು, ಅಮ್ಮನ ಏರಿಳಿತದಲ್ಲಿ ಹೇಳಿದೆ. ಕಿವಿ ಬಿಸಿಯಾಗಿತ್ತು. ಒಂದು ಸಲ ಮುಗಿಯಿತು, ಏನೂ ಇಲ್ಲ. ಎರಡನೆಯ ಸಲ ಹಸು ಕಿವಿ ಹಿಂದಕ್ಕೆ ತಂದಿತು. ಮೂರನೆಯ ಸಲ ಅತ್ತೆಯ ಮಂಡಿಗೆ ಬರುವಷ್ಟರಲ್ಲಿ ಬೆರಳುಗಳ ನಡುವೆ ಮೊಲೆ ಬೆಚ್ಚಗೆ ತುಂಬಿಕೊಂಡಿತು. ಧಾರೆ ಬಕೆಟ್ಟಿಗೆ ಬಡಿದ ಸದ್ದು ಕೇಳಿ ಜಗಲಿಯಿಂದ ಅಜ್ಜಿ ಕೆಮ್ಮಿದಳು. ಅದು ಕೆಮ್ಮಲ್ಲ ಅಂತ ನನಗೆ ಗೊತ್ತು.

ಇದರಲ್ಲಿ ಪವಾಡವಿಲ್ಲ. ದಿನಾ ಒಂದು ಸದ್ದಿನ ಜೊತೆ ಹಾಲಿಳಿಸಿದ ದೇಹ ಆ ಸದ್ದಿಗೇ ಒಗ್ಗಿಕೊಂಡಿರುತ್ತದೆ. ಇದನ್ನು ಅಜ್ಜಿಗೆ ಹೇಳಿದೆ, ಅಪ್ಪನಿಗೆ ಹೇಳಿದೆ, ಇಬ್ಬರೂ ತಲೆಯಾಡಿಸಿ ಒಂದಕ್ಷರ ನಂಬಲಿಲ್ಲ. ಹತ್ತು ದಿನ ಪ್ರಾರ್ಥನೆ ಹೇಳಿಯೇ ಕರೆದೆ. ಹಾಳೆಯಲ್ಲಿದ್ದದ್ದು ಮುಗಿಯುವಾಗ ಬಕೆಟ್ಟು ಅರ್ಧವೇ ಆಗಿರುತ್ತಿತ್ತು, ಮತ್ತೆ ಮೊದಲಿನಿಂದ ಹೇಳುತ್ತಿದ್ದೆ. ಹನ್ನೊಂದನೆಯ ದಿನ ಪರೀಕ್ಷೆ ಮಾಡೋಣ ಅನ್ನಿಸಿತು. ಅದೇ ಏರಿಳಿತದಲ್ಲಿ ಎರಡರ ಮಗ್ಗಿ ಹೇಳಿದೆ. ಹಸು ಸ್ವಲ್ಪ ತಡೆಯಿತು, ಆಮೇಲೆ ಹಾಲಿಳಿಸಿತು. ಮೂರರ ಮಗ್ಗಿಯನ್ನೂ ಹೇಳಿ ಬಕೆಟ್ಟು ಎತ್ತಿಕೊಂಡೆ. ಇಷ್ಟು ಸ್ಪಷ್ಟವಾದ ಸಾಕ್ಷ್ಯ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ.

ಅಮ್ಮನಿಗೆ ಹೇಳಲು ರಾಗಿ ಕೋಣೆಯ ಬಾಗಿಲು ತಳ್ಳಿದೆ. ಚಾಪೆಯ ಮೇಲೆ ಕೂತಿದ್ದಳು, ಪ್ಲಾಸ್ಟರ್ ಕೈ ಮಡಿಲಲ್ಲಿ. ವೇದಪುಸ್ತಕ ಮುಚ್ಚಿತ್ತು. ಅವಳು ಮಣೆಯ ಕಡೆಗೆ ಮುಖ ಮಾಡಿರಲಿಲ್ಲ, ಕೊಟ್ಟಿಗೆಯ ಗೋಡೆಯ ಕಡೆಗೆ ಕೂತಿದ್ದಳು.

"ಇವತ್ತು ಮಗ್ಗಿ ಯೋಳ್ತಿದ್ದೆ," ಅಂದಳು.

ಹೌದು ಅಂದು ಪರೀಕ್ಷೆಯನ್ನು ವಿವರಿಸಿದೆ. ಶಬ್ದ ಮುಖ್ಯ, ಅರ್ಥವಲ್ಲ ಅನ್ನುವುದು ಸಾಬೀತಾಯಿತು ಅಂದೆ. ಅವಳು ಪೂರ್ತಿ ಕೇಳಿದಳು. ಹಸುವಿನ ವಿಷಯದಲ್ಲಿ ನೀನು ಹೇಳುವುದು ಸರಿಯಿರಬಹುದು ಅಂತಲೂ ಒಪ್ಪಿಕೊಂಡಳು. ಆಮೇಲೆ ಗೋಡೆ ನೋಡುತ್ತಲೇ ಹೇಳಿದಳು.

"ಈ ರೂಮಲ್ ಕೂತ್ರೆ ನಂಗೊಂದ್ ಮಾತೂ ಬರಲ್ಲ ಕಣ್ಣು. ಮೊದ್ಲ್ ದಿನದಿಂದ್ಲೂ ಇಲ್ಲ. ಕೈ ಸುಮ್ನಿದ್ರೆ ಬಾಯೂ ಸುಮ್ನಾಗ್ಬಿಡುತ್ತೆ. ಅತ್ತೆ ಇಷ್ಟ್ ಆಸೆಯಿಂದ ಮಾಡ್ಕೊಟ್ಟವ್ರೆ, ಅವ್ರಿಗೆ ಎಂಗ್ ಯೋಳ್ಲಿ? ನೀನ್ ಆ ಕಡೆ ಶುರು ಮಾಡ್ದಾಗ ನಿನ್ ದನೀನೇ ಇಡ್ಕೊಂಡು ನಾನೂ ಓಗ್ತಿದ್ದೆ. ಇವತ್ತು ಎರಡೆಂಟ್ಲ ಅದಿನಾರು ಅಂದ್ಯಲ್ಲ, ಅಲ್ಲಿ ನಿಂತೋಯ್ತು."

ಅವಳು ಅಳಲಿಲ್ಲ. ಸ್ವಲ್ಪ ನಕ್ಕಳು ಕೂಡ, ಮಗ್ಗಿ ಅಂದಾಗ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಸ್ಸು ತಪ್ಪಿತು ಆವತ್ತು. ಅಮ್ಮನ ಪಕ್ಕ ಚಾಪೆಯ ಮೇಲೆ ಕೂತೆ. ನಾನು ಚಿಕ್ಕಂದಿನಲ್ಲಿ ಮಲಗುತ್ತಿದ್ದ ಜಾಗವೇ ಅದು. ಅದೇ ಗೋಡೆ, ಆಗ ಈ ಕಡೆ ನಾನಿದ್ದೆ, ಆ ಕಡೆ ಅವಳು. ಬಾಗಿಲು ಕೊಟ್ಟರೆ, ಹೊತ್ತು ಕೊಟ್ಟರೆ ಅಮ್ಮನ ದೇವರು ಒಳಗೆ ಬಂದುಬಿಡುತ್ತಾನೆ ಅಂತ ಪಾಸ್ಟರ್ ಅಂದುಕೊಂಡಿದ್ದರು, ಅಜ್ಜಿ ಅಂದುಕೊಂಡಿದ್ದಳು, ನಾನು ಮುದ್ದೆಯ ಒಲೆಯ ಮುಂದೆ ನಿಂತು ವಾದಿಸಿದ್ದೆ. ಅವಳು ಹೊತ್ತು ಮಾಡಿಕೊಂಡಿದ್ದು ಹಸು ಹಾಲು ಕೊಡುವಷ್ಟು ಹೊತ್ತಿನಲ್ಲಿ, ಬೆರಳುಗಳ ಮಡಚುವಿಕೆಯಲ್ಲಿ. ಅದನ್ನು ಅಲ್ಲಿಂದ ಎತ್ತಿ ಚಾಪೆಯ ಮೇಲೆ ಇಡಲು ಬರುವುದಿಲ್ಲ.

ಒಂದು ಪ್ರಶ್ನೆ ಉಳಿದಿತ್ತು, ಕೇಳಿಯೇಬಿಟ್ಟೆ. ನಾನು ನಂಬುವುದಿಲ್ಲವಲ್ಲ ಅಮ್ಮಾ, ನಂಬದವಳ ಬಾಯಿಯ ಮಾತು ಹಿಡಿದುಕೊಂಡು ನೀನು ಹೇಗೆ ಹೋಗುತ್ತೀಯ?

ಅವಳು ಯೋಚಿಸಿ, ತಾತನ ವಿಷಯ ತೆಗೆದಳು. ತಾತ ಗಣಿಗೆ ಇಳಿಯುತ್ತಿದ್ದ ತೊಟ್ಟಿಲನ್ನು, ಅಂದರೆ ಹಗ್ಗಕ್ಕೆ ನೇತುಹಾಕಿದ ಕಬ್ಬಿಣದ ಪಂಜರವನ್ನು, ಇಳಿಸಿ ಎತ್ತುವ ಇಂಜಿನ್ ನೆಲದ ಮೇಲಿರುತ್ತಿತ್ತಂತೆ. "ಇಂಜಿನ್ ಓಡ್ಸೋ ಮನ್ಷ ಒಂದ್ ದಿನಾನೂ ಒಳಗೆ ಇಳ್ದೋನಲ್ಲ. ಕೆಳ್ಗೆ ಎಂಗೈತೆ ಅಂತ್ಲೂ ಅವ್ನಿಗ್ ಗೊತ್ತಿಲ್ಲ. ಅವ್ನ್ ಕೈಲೇ ನಮ್ಮಪ್ಪ ಅಷ್ಟ್ ವರ್ಷ ಓಗಿ ಓಗಿ ಬಂದ್ರು."

ಇದಕ್ಕೆ ಪ್ರತಿವಾದವಿದೆ. ಆ ದಿನ ಹೊಳೆಯಲಿಲ್ಲ; ಆಮೇಲೆ ಹೊಳೆದಿದ್ದನ್ನು ಹೇಳಲು ಮನಸ್ಸು ಬರಲಿಲ್ಲ.

ಮರುದಿನದಿಂದ ಮಗ್ಗಿ ಬಿಟ್ಟೆ. ಹಸುವಿಗೆ ಬೇಕಾಗಿದ್ದಕ್ಕಿಂತ ಜೋರಾಗಿ, ಗೋಡೆಯ ಕಡೆ ಬಾಯಿ ಮಾಡಿ, ಪ್ರತಿ ಸಾಲಿನ ಕೊನೆಗೆ ಒಂದುಸಿರು ನಿಲ್ಲಿಸಿ ಹೇಳಿದೆ. ನಿಲ್ಲಿಸಿದಾಗ ಆ ಕಡೆಯಿಂದ ಗೊಣಗು ಕೇಳಿಸುತ್ತಿತ್ತು, ನನ್ನ ಹಿಂದೆ ಒಂದು ಹೆಜ್ಜೆ. ಕೆಲವು ದಿನ ಅದು ತಡವರಿಸುತ್ತಿತ್ತು, ನಾನು ಕಾಯುತ್ತಿದ್ದೆ. ಡೇರಿಗೆ ಎರಡು ಸಲ ತಡವಾಯಿತು. ಅದು ಪ್ರಾರ್ಥನೆಯೋ ಅಲ್ಲವೋ ನನಗೆ ಗೊತ್ತಿಲ್ಲ. ನಾನು ಮಾತಾಡುತ್ತಿದ್ದುದು ಅಮ್ಮನ ಜೊತೆ, ಅಷ್ಟು ಮಾತ್ರ ಗೊತ್ತು.

ಪ್ಲಾಸ್ಟರ್ ಬಿಚ್ಚುವ ಹಿಂದಿನ ವಾರ ಪಾಸ್ಟರ್ ಮನೆಗೆ ಬಂದರು. ಅಮ್ಮ ಖಾಲಿ ಕಾರ್ಡು ಮೊಳೆಯಿಂದ ತೆಗೆದು ಅವರ ಕೈಗೆ ಕೊಟ್ಟು, ಇದ್ದದ್ದನ್ನೆಲ್ಲ ಹೇಳಿದಳು. ಅವರು ಎಂದಿನಂತೆ ಅವಳು ಮುಗಿಸುವವರೆಗೂ ಕಾದರು. ಕಾರ್ಡನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು, ಹೊಸದು ಕೊಡಲಿಲ್ಲ. ಕೊಟ್ಟಿಗೆಗೆ ಹೋಗಿ ಹಸುವನ್ನು ನೋಡಿ, ಇದನ್ನು ಸಭೆಯಲ್ಲಿ ಹೇಳಬಹುದಾ ಅಕ್ಕ ಅಂತ ಕೇಳಿದರು. ಅಮ್ಮ ಹೂಂ ಅಂದಳು. ಹಸು ಇರುವ ಕತೆಯಲ್ಲಿ ಹಸುವೇ ಮುಂದೆ ಬಂದು ನಿಲ್ಲುತ್ತದೆ. ಹೇಳಿದವರನ್ನು ದೂರಿ ಫಲವಿಲ್ಲ.

ಪ್ಲಾಸ್ಟರ್ ಬಿಚ್ಚಿದಾಗ ಅಮ್ಮನ ಕೈ ಬೇರೆ ಯಾರದೋ ಕೈಯ ಹಾಗೆ ಸಣ್ಣಗಿತ್ತು, ಚರ್ಮ ಬಿಳಿಚಿ ಸುಲಿದಿತ್ತು. ಸ್ವಲ್ಪ ಸ್ವಲ್ಪವೇ ಹಿಂಡುವ ಕೆಲಸ ಮಾಡಿದರೆ ಒಳ್ಳೆಯದೇ ಅಂದರು ಡಾಕ್ಟರು. ಮರುಬೆಳಗ್ಗೆ ಇಬ್ಬರೂ ಮಚ್ಚೆಯ ಪಕ್ಕ ಕೂತೆವು, ಒಂದು ಬಕೆಟ್ಟಿಗೆ ಇಬ್ಬರು. ಹಸು ಕತ್ತು ತಿರುಗಿಸಿ ಅವಳ ಮಣಿಕಟ್ಟನ್ನು ಬಹಳ ಹೊತ್ತು ಮೂಸಿತು. ಅವಳು ಎರಡು ಮೊಲೆ, ನಾನು ಎರಡು ಮೊಲೆ. ಬಲಗೈ ಸೋತಾಗ ನನ್ನ ಕಡೆ ಸರಿಸುವಳು, ಉಸಿರು ತೆಗೆದುಕೊಂಡು ಮತ್ತೆ ಹಿಡಿಯುವಳು. ಹಣೆ ಹಳೆಯ ಜಾಗಕ್ಕೆ ಹೋಗಿ ಕೂತಿತು.

ಅಪ್ಪಾ, ಸ್ತೋತ್ರಂ.

ಆರು ವಾರದ ಮೇಲೆ ಅವಳ ದನಿ ಯಾರ ಹಿಂದೆಯೂ ನಡೆಯದೆ ಹೊರಟಿತು. ಬೆಳಕು, ಈ ಜೀವದ ನಾಲ್ಕು ಮೊಲೆ, ಅತ್ತೆಯ ಮಂಡಿ. ನನಗೆ ಬಾಯಿಪಾಠವಾಗಿತ್ತು, ಮುಂದಿನ ಮಾತು ಅವಳ ಬಾಯಿಗೆ ಬರುವ ಮೊದಲೇ ನನ್ನ ನಾಲಗೆಯಲ್ಲಿರುತ್ತಿತ್ತು. ಬಂಗಾರಪೇಟೆ ದಾರಿ. ಲೈನಿನವರ ಎದೆ. ಹಿಂದಿನ ಮನೆಯವಳ ಮಗಳಿಗೆ ಕೂಸು. ನಾನು ಆಮೆನ್‌ಗೆ ತುಟಿ ಕೂಡಿಸಿದೆ.

ಅಮ್ಮ ಆಮೆನ್ ಅನ್ನಲಿಲ್ಲ. ಬಕೆಟ್ಟು ಅರ್ಧವಾಗಿತ್ತು. ಅವಳ ದನಿ ಒಂದು ಮೆಟ್ಟಿಲು ಇಳಿಯಿತು, ಇನ್ನೊಂದು ಇಳಿಯಿತು, ಆಮೇಲೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಚಿಕ್ಕಂದಿನಲ್ಲಿ ಗೋಡೆಯಾಚೆ ಕೊನೆಯ ಹನಿಯವರೆಗೂ ಕೇಳಿಸುತ್ತಿದ್ದ ಗೊಣಗು ನೆನಪಾಯಿತು. ಹಾಳೆಯಲ್ಲಿದ್ದದ್ದನ್ನು ಎರಡೆರಡು ಸಲ ಹೇಳಿ ನಾನು ತುಂಬಿಸುತ್ತಿದ್ದ ಬಾಕಿ ಅರ್ಧ ಬಕೆಟ್ಟಿನ ಹೊತ್ತು ನೆನಪಾಯಿತು. ಅಮ್ಮನ ಕಣ್ಣು ಮುಚ್ಚಿತ್ತು. ನನಗೂ ಅವಳಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಒಳಗಿಂದ ಅಜ್ಜಿಯ ಗಂಟೆ ಕೇಳಿಸಿ ನಿಂತಿತು. ಅವಳ ತುಟಿ ನಿಲ್ಲಲಿಲ್ಲ, ಬೆರಳೂ ನಿಲ್ಲಲಿಲ್ಲ.

ಕೊನೆಯ ಹನಿಯವರೆಗೂ ಕಾದೆ. ಆಮೇಲೆ ಕೇಳಿದೆ:

"ಅಮ್ಮಾ, ನಂಗೆ ಬರೆಸಿದ್ದು ಹಿಂದಿನ ಮನೆಯವಳ ಮಗಳಿಗೇ ಮುಗೀತದೆ. ಆಮೇಲೂ ಇಷ್ಟ್ ಹೊತ್ತು ಹೇಳ್ತಾನೇ ಇದ್ದೆಯಲ್ಲ, ಅದು ಯಾರಿಗೋಸ್ಕರ?"